ಕಡ ಕೊಟ್ಟ ಸಮವಸ್ತ್ರ

ತಮಿಳುನಾಡಿನ ಗಡಿಯಲ್ಲಿ, ಡೆಂಕಣಿಕೋಟೆ ದಾಟಿ ಅಂಚೆಟ್ಟಿಯ ಕಡೆ ಹೋಗುವ ದಾರಿಯಲ್ಲಿ, ಡ್ರೈವರಿಗೆ ಮನಸ್ಸಿದ್ದರೆ ಮಾತ್ರ ಬಸ್ಸು ನಿಲ್ಲುವ ಒಂದು ಹಳ್ಳಿಯಿದೆ. ಹೆಸರು ಬೇಡ. ಹೇಳಿದರೆ ಆ ಊರಿನವರಿಗೆ ಮುಜುಗರ, ಉಷಾರಾಣಿಗೆ ಇನ್ನೂ ಹೆಚ್ಚು. ಅಲ್ಲಿಯ ಸರ್ಕಾರಿ ಮಿಡ್ಲ್ ಸ್ಕೂಲಿನಲ್ಲಿ ಒಂದು ಬದಿಗೆ ತಮಿಳು ಸೆಕ್ಷನ್, ಇನ್ನೊಂದು ಬದಿಗೆ ಕನ್ನಡ ಸೆಕ್ಷನ್. ನಡುವೆ ಒಂದು ಹುಣಸೆಮರ, ಅದರ ಪಕ್ಕದಲ್ಲಿ ಮಕ್ಕಳ ಮಧ್ಯಾಹ್ನದ ಊಟ ಬೇಯುವ ಅಡುಗೆಮನೆ. ಉಷಾರಾಣಿ ಕನ್ನಡ ಸೆಕ್ಷನ್ನಿನ ಇಂಗ್ಲಿಷ್ ಟೀಚರು. ಯಾರಾದರೂ ಏನು ಕೆಲಸವೆಂದು ಕೇಳಿದರೆ 'ಇಂಗ್ಲಿಷ್ ಟೀಚರ್' ಎನ್ನುವುದನ್ನು ಗಟ್ಟಿಯಾಗಿ ಹೇಳುತ್ತಿದ್ದಳು, 'ಕನ್ನಡ ಸೆಕ್ಷನ್' ಎನ್ನುವುದನ್ನು ನುಂಗಿಕೊಳ್ಳುತ್ತಿದ್ದಳು.

ಆಕೆಯ ಅಪ್ಪ ಮಾಲೂರಿನ ಕಡೆಯವರು. ಹೊಸೂರಿನಲ್ಲಿ ಫ್ಯಾಕ್ಟರಿಗಳು ಎದ್ದ ಕಾಲಕ್ಕೆ ಬಂದು ಲೇತ್ ಮೆಷಿನ್ ಹಿಡಿದರು. ಮಗಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿ ಕೃಷ್ಣಗಿರಿಯ ಕಾಲೇಜಿಗೆ ಹೋದಳು. ಮೊದಲ ವರ್ಷ ಲೆಕ್ಚರರ್ ಒಬ್ಬರು ಆಕೆಯನ್ನು ಎಬ್ಬಿಸಿ ನಿಲ್ಲಿಸಿ ಪಾಠ ಓದಿಸಿದರು. ಓದಿ ಮುಗಿಯುವ ಮೊದಲೇ ಕ್ಲಾಸು ನಗುತ್ತಿತ್ತು, ಲೆಕ್ಚರರೂ ನಗುತ್ತಿದ್ದರು. ಅಂದಿನಿಂದ ಆಕೆ ಇಂಗ್ಲಿಷನ್ನು ಬಾಯಿಂದ ಬಿಟ್ಟು ಕಣ್ಣಲ್ಲಿ ಕಲಿತಳು. ವ್ಯಾಕರಣ ಅರೆದು ಕುಡಿದಳು, ಗೈಡುಗಳನ್ನು ಬಾಯಿಪಾಠ ಮಾಡಿದಳು, ಬಿ.ಎ. ಆಯಿತು, ಬಿ.ಎಡ್. ಆಯಿತು, ಕೆಲಸವೂ ಸಿಕ್ಕಿತು. ಆದರೆ ಇನ್ನೊಬ್ಬರೊಡನೆ ಐದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದ್ದು ಮಾತ್ರ ಆಕೆಗೆ ನೆನಪಿಲ್ಲ.

ಕಲಿತ ಹಾಗೆಯೇ ಕಲಿಸಿದಳು. ಒಂದು ಸಾಲು ಓದುವುದು, ಕನ್ನಡದಲ್ಲಿ ಅರ್ಥ ಹೇಳುವುದು, ಪ್ರಶ್ನೆಗೆ ಉತ್ತರ ಬೋರ್ಡಿನ ಮೇಲೆ ಬರೆಯುವುದು. ಮಕ್ಕಳು ಅದನ್ನು ನಕಲು ಮಾಡಿಕೊಂಡು ರಾಗವಾಗಿ ಒಟ್ಟಿಗೆ ಹೇಳುವುದು. ಮಕ್ಕಳು ಪಾಸಾಗುತ್ತಿದ್ದರು. ಮಾತಾಡುತ್ತಿರಲಿಲ್ಲ. ಆ ಊರಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡಿ ಯಾರಿಗೆ ಏನಾಗಬೇಕಿದೆ ಎಂದು ಆಕೆಯೇ ತನಗೆ ಸಮಾಧಾನ ಹೇಳಿಕೊಂಡಿದ್ದಳು.

ಸಂಜೆ ಹೊಸೂರಿನ ಆಲಸನತ್ತಂ ಬಡಾವಣೆಯ ತನ್ನ ಮನೆಯಲ್ಲಿ ಟ್ಯೂಷನ್. ಅಲ್ಲಿಗೆ ಬರುತ್ತಿದ್ದವರು ಬೀದಿಯ ಇಂಗ್ಲಿಷ್ ಮೀಡಿಯಂ ಮೆಟ್ರಿಕ್ಯುಲೇಷನ್ ಶಾಲೆಯ ಮಕ್ಕಳು. ಅಪ್ಪ ಇಂಜಿನಿಯರ್, ಅಮ್ಮ ಬ್ಯಾಂಕು, ಅಂಥ ಮನೆಗಳವರು. ಅವರ ಇಂಗ್ಲಿಷ್ ಕೊಳಾಯಿ ಬಿಟ್ಟ ಹಾಗೆ ಸುರಿಯುತ್ತಿತ್ತು. ತಪ್ಪು ರಾಶಿ ಇರುತ್ತಿತ್ತು, ಹೆದರಿಕೆ ಒಂದು ಚೂರೂ ಇರುತ್ತಿರಲಿಲ್ಲ. ಉಷಾರಾಣಿ ಅವರ ತಪ್ಪು ತಿದ್ದುತ್ತಿದ್ದಳು, ಅವರ ಧೈರ್ಯಕ್ಕೆ ಹೊಟ್ಟೆ ಉರಿದುಕೊಳ್ಳುತ್ತಿದ್ದಳು.

ಎರಡು ಸಾವಿರದ ಏಳನೆಯ ಇಸವಿಯಲ್ಲಿ ಪಕ್ಕದ ಬೀದಿಯ ರುಕ್ಮಿಣಮ್ಮನವರ ಸೊಸೆ ಮಾಲ್ಡೀವ್ಸಿಗೆ ಟೀಚರಾಗಿ ಹೋಗಿ ರಜಕ್ಕೆ ಬಂದಳು. ಬೀದಿಯವರೆಲ್ಲ ಅವಳನ್ನು ನೋಡಲು ಹೋದರು, ಉಷಾರಾಣಿಯೂ ಹೋದಳು. ಆ ಹುಡುಗಿ ಕಾಫಿ ಕೊಡುತ್ತಾ, "ಅಲ್ಲಿ ನಮ್ಮನ್ನ ಇಂಗ್ಲಿಷ್ ಟೀಚರ್ ಅಂತ್ಲೇ ಕರೆಯೋದು ಅಕ್ಕಾ. ಯಾವ ಮೀಡಿಯಮ್ಮು, ಯಾವ ಸೆಕ್ಷನ್ನು ಅಂತ ಯಾರೂ ಕೇಳಲ್ಲ," ಎಂದಳು. ಸಂಬಳದ ಮಾತೂ ಬಂತು. ಆದರೆ ಉಷಾರಾಣಿಯ ಕಿವಿಯಲ್ಲಿ ಉಳಿದದ್ದು ಈ ಮಾತು. ಯಾವ ಸೆಕ್ಷನ್ ಎಂದು ಕೇಳದ ಊರೂ ಒಂದಿದೆಯಲ್ಲ ಎಂದುಕೊಂಡೇ ಮನೆಗೆ ಬಂದಳು.

ಬೆಂಗಳೂರಿನ ಏಜೆನ್ಸಿಯವರ ಬಳಿ ಆಗ ಎರಡು ಸರ್ಕಾರಿ ಶಾಲೆಗಳ ಕೆಲಸಗಳಿದ್ದವು. ಒಂದು ಮಾಲ್ಡೀವ್ಸಿನ ಯಾವುದೋ ದ್ವೀಪದಲ್ಲಿ, ಇನ್ನೊಂದು ಥಾಯ್ಲೆಂಡಿನ ಒಳನಾಡಿನ ಊರಲ್ಲಿ. ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಇವೆರಡನ್ನೂ ತೂಗುವುದೇ ಕೆಲಸವಾಯಿತು.

ಅತ್ತೆ ಕಮಲಮ್ಮ ಮುದ್ದೆ ಮುರಿಯುತ್ತಾ ಕೇಳಿದರು: "ಸುತ್ತ ಉಪ್ಪುನೀರು ಅಂತೀಯ. ಸೊಪ್ಪು ಎಲ್ಲಿ ಬೆಳೀತಾರೆ? ಒಂದ್ ಕಟ್ಟು ದಂಟು ಸಿಗ್ದಿರೋ ಊರ್‍ಗೆ ಹೋಗಿ ಏನ್ ತಿಂತೀಯಮ್ಮಾ?"

"ಥಾಯ್ಲೆಂಡ್‌ನಾಗೆ ಸೊಪ್ಪು ಸಿಕ್ತದಮ್ಮಾ," ಎಂದ ಗಂಡ ಜಗನ್. "ಸೊಪ್ಪಿನ ಜೊತೆ ಏನೇನ್ ಹಾಕ್ತಾರೋ ಅದು ಗೊತ್ತಿಲ್ಲ." ಆತ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಸೆಕ್ಷನ್ನಿನವನು, ಯಾವುದನ್ನೂ ಎರಡು ಸಲ ಅಳೆಯದೆ ಒಪ್ಪುವವನಲ್ಲ. "ಉಷಾ, ನೀನು ಇಲ್ಲಿರೋದನ್ನೂ ತೂಕಕ್ಕೆ ಹಾಕು. ಸರ್ಕಾರಿ ಕೆಲ್ಸ. ಎರಡು ವರ್ಷ ಸಂಬಳ ಇಲ್ದೆ ರಜ ಕೊಡ್ತಾರೆ, ಸರಿ. ಆದ್ರೆ ನೀನು ಹೋಗ್ಬುಟ್ರೆ ಆ ಮಕ್ಕಳ್ಗೆ ಇನ್ನೊಬ್ರನ್ನ ಹಾಕ್ತಾರಾ?"

"ಹಾಕ್ತಾರೆ ಬಿಡ್ರೀ," ಎಂದಳು ಆಕೆ. ಹಾಕುವುದಿಲ್ಲ ಎಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಕನ್ನಡ ಸೆಕ್ಷನ್ನಿಗೆ ಟೀಚರು ಸಿಗುವುದು ಎಷ್ಟು ಕಷ್ಟವೆಂದು ಆ ಸೀಮೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಕೊನೆಗೆ ದ್ವೀಪವನ್ನೇ ಆರಿಸಿಕೊಂಡಳು. ಸಮುದ್ರ ಇಷ್ಟ ಎಂದು ಕಾರಣ ಕೊಟ್ಟಳು. ನಿಜವಾದ ಕಾರಣ ಬೇರೆ. ಥಾಯ್ಲೆಂಡಿನ ಶಾಲೆಯವರು ಫೋನಿನಲ್ಲಿ ಮಾತಾಡಿಸಿ ಆರಿಸಿಕೊಳ್ಳುತ್ತಿದ್ದರು. ದ್ವೀಪದ ಶಾಲೆಯ ಹೆಡ್ಮಾಸ್ಟರು ಕೇಳಿದ್ದು ಒಂದು ಸಿ.ಡಿ.: ಟೀಚರು ತಮ್ಮದೇ ಸರ್ಕಾರಿ ಶಾಲೆಯಲ್ಲಿ, ತಮ್ಮದೇ ಮಕ್ಕಳಿಗೆ, ಇಂಗ್ಲಿಷಿನಲ್ಲಿ ಪಾಠ ಮಾಡುವುದು ಅದರಲ್ಲಿ ಕಾಣಬೇಕು. ಮಕ್ಕಳು ಮಾತಾಡುವುದು ಕೇಳಿಸಬೇಕು. ಫೋನಿಗಿಂತ ಇದೇ ವಾಸಿ ಎನಿಸಿತು ಉಷಾರಾಣಿಗೆ. ಫೋನಿನಲ್ಲಿ ಸಿಕ್ಕಿಬೀಳುವವಳು ತಾನು, ಸಿ.ಡಿ.ಯಲ್ಲಿ ಏನಾದರೂ ಮಾಡಬಹುದು.

ಏನು ಮಾಡಬಹುದು ಎನ್ನುವುದನ್ನು ಆ ಶಾಲೆಯೇ ಆಕೆಗೆ ಕಲಿಸಿಟ್ಟಿತ್ತು. ಕನ್ನಡ ಸೆಕ್ಷನ್ನಿನಲ್ಲಿ ಮಕ್ಕಳು ಕಡಿಮೆ. ಕಳೆ ಕೀಳುವ ಕಾಲದಲ್ಲಿ, ಕೊಯ್ಲಿನ ಕಾಲದಲ್ಲಿ ಇನ್ನೂ ಕಡಿಮೆ. ತಲೆ ಕಡಿಮೆಯಾದರೆ ಸೆಕ್ಷನ್ ಮುಚ್ಚುತ್ತಾರೆ. ಹೀಗಾಗಿ ಇನ್‌ಸ್ಪೆಕ್ಷನ್ ದಿನ ತಮಿಳು ಸೆಕ್ಷನ್ನಿನಿಂದ ಮಕ್ಕಳನ್ನು ಕಡ ತರುವುದು ಅಲ್ಲಿಯ ಹಳೆಯ ಪದ್ಧತಿ. ಅಕ್ಕಪಕ್ಕದ ಮನೆಯವರು ಸಕ್ಕರೆ ಕಡ ತರುವುದಿಲ್ಲವೇ, ಹಾಗೆ. ಬಂದ ಮಗುವಿಗೆ ಬಾರದ ಮಗುವಿನ ಹೆಸರು ಕೊಡುತ್ತಾರೆ. ಅಧಿಕಾರಿ ಹಾಜರಿ ಕೂಗಿದಾಗ ಸೆಲ್ವಿ ಎಂಬವಳು 'ನಾಗವೇಣಿ' ಎನ್ನುವ ಹೆಸರಿಗೆ ಎದ್ದು ನಿಂತು 'ಪ್ರೆಸೆಂಟ್ ಸಾರ್' ಎನ್ನುತ್ತಾಳೆ. ಅಪ್ಪನ ಹೆಸರು ಕೇಳಿದರೆ ನಾಗವೇಣಿಯ ಅಪ್ಪನ ಹೆಸರನ್ನೇ ಹೇಳುತ್ತಾಳೆ. ತಮಿಳು ಸೆಕ್ಷನ್ನಿಗೆ ಇನ್‌ಸ್ಪೆಕ್ಷನ್ ಬಂದಾಗ ಕನ್ನಡದವರು ಹೋಗಿ ಸಾಲ ತೀರಿಸುತ್ತಾರೆ. ಬರುವ ಅಧಿಕಾರಿಗೂ ಇದು ಗೊತ್ತು. "ಎಲ್ಲಾರುಂ ವಂದಾಚ್ಚಾ?" ಎಂದು ಎಲ್ಲರೂ ಬಂದಾಯಿತೇ ಎನ್ನುವುದನ್ನು ಮರದ ಕೆಳಗೇ ಕೇಳಿ, ಎಳನೀರು ಕುಡಿದು, ನಿಧಾನವಾಗಿ ಒಳಗೆ ಬರುತ್ತಾರೆ. ಸುಳ್ಳು ಎಂದು ಯಾರಿಗೂ ಅನ್ನಿಸಿರಲಿಲ್ಲ. ಸೆಕ್ಷನ್ ಉಳಿಯಬೇಕಲ್ಲ.

ಹೆಡ್ಮಾಸ್ಟರ್ ಜಯರಾಮಯ್ಯನವರ ಬಳಿ ಆಕೆ ಹೋಗಿ ಎರಡನೆಯ ಶನಿವಾರ ಶಾಲೆಯ ಬೀಗದಕೈ ಬೇಕೆಂದಳು. ಟ್ಯೂಷನ್ ಮಕ್ಕಳನ್ನು ಹೊಸೂರಿನಿಂದ ಕರೆತರುತ್ತೇನೆ, ನಮ್ಮ ಕ್ಲಾಸಿನಲ್ಲಿ ಕೂರಿಸುತ್ತೇನೆ ಎಂದಳು. ಜಯರಾಮಯ್ಯ ಕನ್ನಡಕ ಒರೆಸಿಕೊಂಡರು.

"ಮಕ್ಕಳು ಬತ್ತವೆ ಸರಿ ಕಣಮ್ಮಾ. ಯೂನಿಫಾರಂ?"

ಅದನ್ನು ಆಕೆ ಮೊದಲೇ ಯೋಚಿಸಿದ್ದಳು. ಯೋಚಿಸಿದ್ದೆನಲ್ಲ ಎಂದು ಆಮೇಲೆ ಎಷ್ಟೋ ಸಲ ಮೈ ಪರಚಿಕೊಳ್ಳುವಂತಾಯಿತು. ಆ ಹೊತ್ತಿಗೆ ಮಾತ್ರ ಬುದ್ಧಿವಂತಿಕೆ ಎನಿಸಿತ್ತು.

ಶುಕ್ರವಾರ ಕೊನೆಯ ಪೀರಿಯಡ್ಡಿನಲ್ಲಿ ಏಳನೆಯ ತರಗತಿಗೆ ಹೇಳಿದಳು: "ನಾಳೆ ರಜ. ಆದ್ರೂ ನಿಮ್ಮ ಯೂನಿಫಾರಂ ಒಗೆದು, ಮಡಿಚಿ ತಂದುಕೊಡಿ. ಹೊಸೂರಿಂದ ಮಕ್ಕಳು ಬರ್ತಾರೆ, ಒಂದು ಹೊತ್ತು ಹಾಕ್ಕೊಂಡು ವಾಪಸ್ ಕೊಡ್ತಾರೆ."

ಮುಂದಿನ ಸಾಲಿನ ಮುನಿಲಕ್ಷ್ಮಿ ಎದ್ದು ನಿಂತಳು. ಅಶ್ವತ್ಥಮ್ಮನ ಮಗಳು, ಕಾಡಿನಂಚಿನ ಮನೆಯವಳು. "ಇನ್‌ಸ್ಪೆಕ್ಷನ್ನಾ ಟೀಚರ್?"

"ಹೂಂ. ಅಂಥದ್ದೇ."

ಅಷ್ಟು ಸಾಕಾಯಿತು. ಮಕ್ಕಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಒಬ್ಬರಾದರೂ ಯಾಕೆ ಎಂದು ಕೇಳಿದ್ದರೆ ತಾನು ಅಲ್ಲೇ ಕೈಬಿಡುತ್ತಿದ್ದೆನೇನೋ ಎಂದು ಉಷಾರಾಣಿ ಆಮೇಲೆ ಅಂದುಕೊಂಡದ್ದುಂಟು. ಇದೂ ಒಂದು ನೆಪವೇ.

ಶನಿವಾರ ಬೆಳಿಗ್ಗೆ ವ್ಯಾನು ಬಂದು ನಿಂತಾಗ ಏಳನೆಯ ತರಗತಿ ಪೂರ್ತಿ ಮರದ ಕೆಳಗಿತ್ತು. ಮೈಮೇಲೆ ಮನೆಯ ಹಳೆಯ ಬಟ್ಟೆ, ಕೈಯಲ್ಲಿ ಮಡಿಸಿದ ಯೂನಿಫಾರಂ. ಸರ್ಕಾರ ಕೊಟ್ಟ ಬಿಳಿ ಅಂಗಿ, ನೀಲಿ ಲಂಗ, ಖಾಕಿ ಚಡ್ಡಿ. ತಾಮ್ರದ ಚೊಂಬಿಗೆ ಕೆಂಡ ತುಂಬಿ ಇಸ್ತ್ರಿ ಮಾಡಿಕೊಂಡು ಬಂದಿದ್ದರು. ಒಬ್ಬ ಹುಡುಗ ಕಿತ್ತುಹೋಗಿದ್ದ ಗುಂಡಿಯನ್ನು ತಾನೇ ಹೊಲಿದು ತಂದಿದ್ದ. ಹೊಸೂರಿನ ಮಕ್ಕಳು ಪಿಕ್ನಿಕ್ಕಿನ ಗೆಲುವಿನಲ್ಲಿ ಇಳಿದು, ಆಫೀಸು ಕೋಣೆಯಲ್ಲಿ ಬಟ್ಟೆ ಬದಲಿಸಿ, ಒಳಗೆ ಹೋಗಿ ಕೂತರು. ಇಂಜಿನಿಯರ್ ಸುಬ್ಬರಾಮರ ಮಗಳು ದೀಪ್ತಿ ಮುನಿಲಕ್ಷ್ಮಿಯ ಜಾಗದಲ್ಲಿ, ಮುನಿಲಕ್ಷ್ಮಿಯ ಲಂಗ ಉಟ್ಟು ಕೂತಳು. ಮುನಿಲಕ್ಷ್ಮಿ ಅವಳಿಗೆ ಲಂಗದ ದಾರ ಬಿಗಿದು ಕಟ್ಟಿಕೊಟ್ಟಳು.

ವಿಡಿಯೋದವನು ಮದುವೆಗಳಿಗೆ ಹೋಗುವವನು. ಧಾರೆ ಎರೆಯುವುದನ್ನು ತೆಗೆಯುವ ಹಾಗೆ ಸ್ಟೂಲು ಹತ್ತಿ ಇಳಿದು ಲೈಟು ಹಿಡಿದ. ಉಷಾರಾಣಿ ಬರೆದು ಬಾಯಿಪಾಠ ಮಾಡಿಕೊಂಡಿದ್ದ ಪ್ರಶ್ನೆಗಳನ್ನು ಕೇಳಿದಳು: ನಿನ್ನ ಹೆಸರೇನು, ಅಪ್ಪ ಏನು ಮಾಡುತ್ತಾರೆ, ಎಲ್ಲಿದ್ದೀರಿ, ಭಾನುವಾರ ಏನು ಮಾಡುತ್ತೀರಿ. ಹೊಸೂರಿನ ಮಕ್ಕಳು ಸರಸರ ಉತ್ತರ ಕೊಟ್ಟರು. ಆದರೆ ಒಮ್ಮೆ ಲೈಟು ಆರಿತು, ಒಮ್ಮೆ ಆಕೆಯೇ ತಡವರಿಸಿದಳು, ಒಮ್ಮೆ ಹೊರಗೆ ದನ ಕೂಗಿತು. ಮತ್ತೆ ಮತ್ತೆ ಮೊದಲಿನಿಂದ ತೆಗೆಯಬೇಕಾಯಿತು. ಅಷ್ಟು ಹೊತ್ತೂ ಕಿಟಕಿಯ ಕಂಬಿಗಳಾಚೆ ಆಕೆಯ ಸ್ವಂತ ಮಕ್ಕಳು ಒತ್ತಾಗಿ ನಿಂತಿದ್ದರು. ಕ್ಯಾಮರಾಕ್ಕೆ ಕಾಣದ ಹಾಗೆ ಬದಿಗೆ ಸರಿಯಿರಿ ಎಂದು ಆಕೆಯೇ ಕೈಸನ್ನೆ ಮಾಡಿದ್ದಳು. ಸರಿದರು. ತುಟಿ ಅಲ್ಲಾಡಿಸುತ್ತಾ ನೋಡುತ್ತಿದ್ದರು. ಆಕೆ ಗಮನಿಸಲಿಲ್ಲ, ಕ್ಯಾಮರಾದ ಕೆಂಪು ದೀಪ ನೋಡುವುದರಲ್ಲೇ ಇದ್ದಳು.

ಮುಗಿದು ಬಟ್ಟೆ ವಾಪಸು ಕೊಡುವಾಗ ದೀಪ್ತಿ ಮೂಗಿಗೆ ಕೈ ಹಿಡಿದು, "ಮಿಸ್, ಇದು ಹೊಗೆ ವಾಸನೆ," ಎಂದಳು. ಮಗು, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮುನಿಲಕ್ಷ್ಮಿ ಪಕ್ಕದಲ್ಲೇ ಕೈ ಚಾಚಿ ನಿಂತಿದ್ದಳು. ಉಷಾರಾಣಿ ಏನಾದರೂ ಹೇಳಬೇಕಿತ್ತು. ವ್ಯಾನಿನವನು ಹಾರನ್ ಹೊಡೆಯುತ್ತಿದ್ದ. ಆಕೆ ವ್ಯಾನು ಹತ್ತಿದಳು.

ಸೋಮವಾರ ಮುನಿಲಕ್ಷ್ಮಿ ಕ್ಲಾಸಿಗೆ ಬಂದವಳೇ ಮೇಜಿನ ಬಳಿ ನಿಂತಳು. "ಮತ್ತೆ ಒಗೆದಿದೀನಿ ಟೀಚರ್. ಸೀಗೇಕಾಯಿ ಹಾಕಿ. ಈಗ ವಾಸ್ನೆ ಇಲ್ಲ. ಇನ್ನೊಂದ್ ಸಲ ಬೇಕಾದ್ರೂ ತಕ್ಕೊಳ್ಳಿ," ಎಂದಳು. ಉಷಾರಾಣಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ಹೋಗು, ಕೂತ್ಕೋ," ಎಂದು ಗದರಿದಳು. ನಾಚಿಕೆಯಾದಾಗ ಗದರುವುದು ಮೇಷ್ಟ್ರುಗಳ ಹಳೆಯ ಚಾಳಿ.

ಸಿ.ಡಿ. ಹೋಯಿತು. ವಿಡಿಯೋದವನು ಮದುವೆ ಮನೆಯ ಚಾಳಿ ಬಿಡದೆ ಒಂದು ಉತ್ತರಕ್ಕೂ ಇನ್ನೊಂದು ಉತ್ತರಕ್ಕೂ ನಡುವೆ ಗುಲಾಬಿ ಹೂವು ಅರಳಿಸಿದ್ದ. ಆದರೂ ದ್ವೀಪದ ಹೆಡ್ಮಾಸ್ಟರಿಗೆ ಮೆಚ್ಚುಗೆಯಾಯಿತು. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮಕ್ಕಳನ್ನು ಹೀಗೆ ಮಾತಾಡಿಸುವ ಟೀಚರೇ ನಮಗೆ ಬೇಕು ಎಂದು ಅವರು ಹೇಳಿದರೆಂದು ಏಜೆನ್ಸಿಯವರು ಫೋನು ಮಾಡಿದರು. ಕಮಲಮ್ಮ ದಂಟಿನ ಸೊಪ್ಪಿನ ಚಿಂತೆ ಬಿಟ್ಟು ಬೀದಿಗೆಲ್ಲ ಸಕ್ಕರೆ ಹಂಚಿದರು. ಉಷಾರಾಣಿ ನಕ್ಕಳು, ಎಲ್ಲರಿಗೂ ಥ್ಯಾಂಕ್ಸ್ ಎಂದಳು. ಆದರೆ ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರಲ್ಲ, ಹಾಗಾಗಿತ್ತು.

ಮುಂದಿನ ವಾರ ಏಜೆನ್ಸಿಯ ವಂಶಿ ಹೇಳದೆ ಕೇಳದೆ ಶಾಲೆಗೇ ಬಂದಿಳಿದ. ತೆಲುಗು ಮನೆಮಾತಿನ ಹುಡುಗ. ಕೃಷ್ಣಗಿರಿಯಲ್ಲಿ ಇನ್ನೊಬ್ಬ ಟೀಚರನ್ನು ನೋಡಿ ಹಾಗೆಯೇ ಬಂದನಂತೆ. ಹೆಡ್ಮಾಸ್ಟರ ಸಹಿ ಬೇಕಿತ್ತು, ಕ್ಲಾಸನ್ನೂ ಒಮ್ಮೆ ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳಬೇಕಿತ್ತು.

"ಸಿ.ಡಿ.ಲಿ ನೋಡಿದ ಮಕ್ಕಳು ಇವ್ರೇನಾ ಮೇಡಂ?" ಎಂದು ಬಾಗಿಲಲ್ಲಿ ನಿಂತು ಕೇಳಿದ.

ಉಷಾರಾಣಿ ಮಕ್ಕಳ ಕಡೆ ನೋಡಿದಳು. ಇಲ್ಲ ಎಂದರೆ ಇಷ್ಟು ದಿನದ ಆಸೆ ಅಲ್ಲಿಗೆ ಮಣ್ಣು. ಹೌದು ಎಂದರೆ ಈ ಮಕ್ಕಳ ಮುಂದೆ ಸುಳ್ಳು. ಆಕೆ ಬಾಯಿ ಬಿಡುವ ಮೊದಲೇ ಜಯರಾಮಯ್ಯ, "ಇವ್ರೇ ಸಾರ್, ಇವ್ರಲ್ದೆ ಇನ್ಯಾರು," ಎಂದುಬಿಟ್ಟರು. ಇನ್‌ಸ್ಪೆಕ್ಷನ್ನಿಗೆ ಪಳಗಿದ ನಾಲಿಗೆ.

ವಂಶಿ ಒಳಗೆ ಬಂದು ಮುಂದಿನ ಸಾಲಿನ ಕಡೆ ಬೆರಳು ತೋರಿಸಿ, ಇಂಗ್ಲಿಷಿನಲ್ಲಿ ಹೆಸರು ಕೇಳಿದ. ಮುನಿಲಕ್ಷ್ಮಿ ಎದ್ದು ನಿಂತಳು. ಎರಡು ಕೈ ಬೆನ್ನ ಹಿಂದೆ ಕಟ್ಟಿಕೊಂಡಳು, ದೀಪ್ತಿ ಕಟ್ಟಿಕೊಂಡಿದ್ದ ಹಾಗೆಯೇ.

"ಮೈ ನೇಮ್ ಈಸ್ ದೀಪ್ತಿ, ಸಾರ್."

ಉಷಾರಾಣಿ ಮೇಜಿನ ಮೇಲಿದ್ದ ಹಾಜರಿ ಪುಸ್ತಕ ಮುಚ್ಚಿದಳು.

ವಂಶಿ ಅಪ್ಪನ ಬಗ್ಗೆ ಕೇಳಿದ. "ಮೈ ಫಾದರ್ ಈಸ್ ಆ್ಯನ್ ಇಂಜಿನಿಯರ್. ವಿ ಲಿವ್ ಇನ್ ಆಲಸನತ್ತಂ. ಆನ್ ಸಂಡೇ ವಿ ಗೋ ಟು ಬ್ಯಾಂಗಲೋರ್ ಇನ್ ಅವರ್ ಕಾರ್."

ಒಂದು ಅಕ್ಷರ ತಪ್ಪಿಲ್ಲ. ಅದೇ ಏರು, ಅದೇ ಇಳಿತ. ಪಕ್ಕದ ಹುಡುಗ ಯಾರೂ ಕೇಳದಿದ್ದರೂ ಎದ್ದು ತನ್ನ ತಾಯಿ ಬ್ಯಾಂಕ್ ಆಫೀಸರ್ ಎಂದ. ಆ ತಾಯಿ ಅದೇ ಹೊತ್ತಿಗೆ ಹುಣಸೆಮರದ ಪಕ್ಕ ಮಕ್ಕಳ ಊಟಕ್ಕೆ ಅನ್ನ ಬಸಿಯುತ್ತಿದ್ದ ನಾರಾಯಣಮ್ಮ. ಹಿಂದಿನ ಸಾಲಿನವಳು ತನ್ನ ಮನೆಯಲ್ಲಿ ಪೊಮೇರಿಯನ್ ನಾಯಿ ಇದೆ ಎಂದಳು. ಒಬ್ಬೊಬ್ಬರೂ ತಮ್ಮ ಅಂಗಿ ಹಾಕಿಕೊಂಡು ಕೂತಿದ್ದ ಮಗುವಿನ ಬದುಕನ್ನು ಪೂರ್ತಿಯಾಗಿ ಹೇಳಿ ಕೂತರು. ಹೇಳುವಾಗ ಟೀಚರ ಮುಖ ನೋಡುತ್ತಿದ್ದರು, ನಿಮ್ಮ ಮಾನ ಉಳಿಸುತ್ತೇವೆ ಹೆದರಬೇಡಿ ಎನ್ನುವ ಹಾಗೆ.

ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವ ಅಗತ್ಯವೇ ಇರಲಿಲ್ಲ. ಹೊರಗಿನವರು ಬಂದು ಕೇಳಿದರೆ ಕಡ ತಂದ ಹೆಸರಿಗೆ ಎದ್ದು ನಿಲ್ಲಬೇಕು ಎನ್ನುವುದನ್ನು ಆ ಶಾಲೆ ಒಂದನೆಯ ತರಗತಿಯಿಂದ ಕಲಿಸಿತ್ತು. ಆ ಪಾಠವನ್ನು ಅವರು ಚೆನ್ನಾಗಿ ಕಲಿತಿದ್ದರು. ಇಂಗ್ಲಿಷನ್ನೂ ಕಲಿತಿದ್ದರು, ಕಿಟಕಿಯಾಚೆ ನಿಂತು, ಒಂದೇ ಬೆಳಿಗ್ಗೆಯಲ್ಲಿ. ಈ ಮಕ್ಕಳ ಬಾಯಲ್ಲಿ ಇಂಗ್ಲಿಷ್ ಹೊರಡುವುದಿಲ್ಲ ಎಂದು ಆಕೆ ಇಷ್ಟು ವರ್ಷ ನಂಬಿದ್ದಳು. ತಾನು ಹೊರಡಿಸಲಿಲ್ಲ ಎನ್ನುವುದೇ ನಿಜ. ಭೂಮಿ ಬಾಯಿ ಬಿಡಬಾರದೇ ಎನಿಸಿತು ಉಷಾರಾಣಿಗೆ. ಮಾತಿಗೆ ಹೇಳುವುದಲ್ಲ, ನಿಂತ ಜಾಗ ನೋಡಿದಳು.

ಹೊರಗೆ ಬಂದ ಮೇಲೆ ವಂಶಿಯ ಹಿಂದೆಯೇ ಹೋಗಿ ಮರದ ಕೆಳಗೆ ನಿಲ್ಲಿಸಿ ಹೇಳಿಬಿಟ್ಟಳು: "ವಂಶಿ ಅವ್ರೇ, ಸಿ.ಡಿ.ಲಿ ಇರೋರು ಈ ಮಕ್ಕಳಲ್ಲ. ಹೊಸೂರಿಂದ ಕರ್ಕೊಂಡ್ ಬಂದಿದ್ದೆ."

ಬೈಯುತ್ತಾನೆ, ಕೆಲಸ ಇಲ್ಲ ಎನ್ನುತ್ತಾನೆ, ಅಲ್ಲಿಗಾದರೂ ಮುಗಿಯುತ್ತದೆ ಎಂದುಕೊಂಡಿದ್ದಳು. ಆತ ನಕ್ಕ.

"ಗೊತ್ತು ಮೇಡಂ. ಈ ಊರಲ್ಲಿ ಎಲ್ರ ಮನೇಲೂ ಇಂಜಿನಿಯರ್‍ರಾ? ಬಸ್ ಕೂಡಾ ಸರಿಯಾಗಿ ಬರಲ್ಲ ಇಲ್ಲಿ. ನಾನು ನೋಡೋ ಸಿ.ಡಿ. ಎಲ್ಲಾ ಹಿಂಗೇನೇ. ಆದ್ರೆ ಈ ಮಕ್ಕಳ ಬಾಯಲ್ಲೂ ಅದೇ ಹೇಳಿಸಿದ್ರಲ್ಲ, ಅದು ಯಾರೂ ಮಾಡಿರಲಿಲ್ಲ. ಒಳ್ಳೆ ಟೀಚರ್ ನೀವು. ಇವತ್ತು ಸಾಯಂಕಾಲದೊಳಗೆ ಹೂಂ ಅಂತ ಫೋನ್ ಮಾಡಿ, ಟಿಕೆಟ್ ನೋಡ್ತೀನಿ."

ಬೈಗುಳವನ್ನಾದರೂ ತಡೆದುಕೊಳ್ಳಬಹುದಿತ್ತು. ಈ ಹೊಗಳಿಕೆ ತಡೆಯುವಂಥದ್ದಲ್ಲ. ಆಕೆ ಕ್ಲಾಸಿಗೆ ತಿರುಗಿ ಬಂದಳು.

ಊಟದ ಗಂಟೆ ಹೊಡೆದು ಮಕ್ಕಳು ತಟ್ಟೆ ಹಿಡಿದು ಓಡಿದ್ದರು. ಮುನಿಲಕ್ಷ್ಮಿ ಒಬ್ಬಳೇ ಉಳಿದಿದ್ದಳು.

"ಸರಿಯಾಗ್ ಹೇಳಿದ್ನಾ ಟೀಚರ್?"

ಉಷಾರಾಣಿ ಬೆಂಚಿನ ಮೇಲೆ ಅವಳ ಪಕ್ಕದಲ್ಲೇ ಕೂತಳು. "ನಿಮ್ಮಪ್ಪ ಏನ್ ಕೆಲ್ಸ ಮಾಡ್ತಾರೆ ಮುನಿಲಕ್ಷ್ಮೀ?" ಎಂದು ಕೇಳಿದಳು. ಮೂರು ವರ್ಷದಿಂದ ಆ ಮಗು ಆಕೆಯ ಕ್ಲಾಸಿನಲ್ಲಿತ್ತು; ಆಕೆಗೆ ಗೊತ್ತಿರಲಿಲ್ಲ.

"ರಾಗಿ ಹೊಲ ಕಾಯ್ತಾರೆ ಟೀಚರ್. ನಮ್ದೂ, ಬೇರೇವ್ರದ್ದೂ. ರಾತ್ರಿ ಅಟ್ಟಣೆ ಮೇಲೆ ಕೂತ್ಕೊಂಡು, ಆನೆ ಬಂದ್ರೆ ತಗಡು ಬಡೀತಾರೆ, ಪಂಜು ಹಚ್ತಾರೆ. ಹೋದ್ ವರ್ಷ ಒಂದ್ ಆನೆ ಅಟ್ಟಣೆ ಕಾಲಿಗೇ ಕೈ ಹಾಕ್ಬುಟ್ಟಿತ್ತು." ಹೇಳುತ್ತಾ ಹೇಳುತ್ತಾ ಹುಡುಗಿಯ ಕಣ್ಣು ಅರಳಿತು. ಇಂಜಿನಿಯರನ ಬಗ್ಗೆ ಹೇಳುವಾಗ ಆ ಕಣ್ಣು ಹೀಗಿರಲಿಲ್ಲ.

"ಅದನ್ನ ಇಂಗ್ಲಿಷಲ್ಲಿ ಹೇಳು ನೋಡೋಣ."

ಮುನಿಲಕ್ಷ್ಮಿ ಟೀಚರ ಮುಖವನ್ನೇ ನೋಡಿದಳು. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ಅದು ನೀವು ಹೇಳ್ಕೊಟ್ಟೇ ಇಲ್ವಲ್ಲಾ ಟೀಚರ್."

ದೂರಿನ ದನಿ ಅಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ತಟ್ಟೆ ತೆಗೆದುಕೊಂಡು ಊಟಕ್ಕೆ ಹೋದಳು. ಉಷಾರಾಣಿ ಅಲ್ಲೇ ಕೂತಿದ್ದಳು. ಹೇಳಿಕೊಡೋಣವೆಂದು ಬೋರ್ಡಿನ ಮುಂದೆ ಹೋಗಿ ನಿಂತರೆ ಅಟ್ಟಣೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಆಕೆಗೇ ಗೊತ್ತಿರಲಿಲ್ಲ.

ಸಾಯಂಕಾಲ ಫೋನು ಮಾಡಲಿಲ್ಲ. ವಂಶಿಯೇ ಮಾಡಿದ. ಮನೆಯಲ್ಲಿ ತೊಂದರೆ, ಬರುವುದಿಲ್ಲ ಎಂದಳು. ಜಗನ್‌ಗೆ, "ಅತ್ತೆ ಒಬ್ರೇ ಆಗ್ಬುಡ್ತಾರೆ ಕಣ್ರೀ," ಎಂದಳು. ಕಮಲಮ್ಮನಿಗೆ ಸೊಪ್ಪಿನ ಕಾರಣ ಕೊಟ್ಟಳು. ನಿಜವನ್ನು ಯಾರಿಗೂ ಹೇಳಲಿಲ್ಲ. ಯಾವ ಸೆಕ್ಷನ್ ಎಂದು ಕೇಳದ ಊರೇನೋ ಸರಿ; ಅಲ್ಲಿಯ ಮಕ್ಕಳ ಮುಂದೆ ನಿಂತು 'ನಿನ್ನ ಹೆಸರೇನು, ಅಪ್ಪ ಏನು ಮಾಡುತ್ತಾರೆ' ಎಂದು ಕೇಳಲು ಆಕೆಗೆ ಮುಖವಿರಲಿಲ್ಲ. ಅಷ್ಟೇ ಕಾರಣ. ತ್ಯಾಗ, ಸೇವೆ ಎನ್ನುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಆದರೆ ಊರಿನ ಬಾಯಿಗೆ ಯಾರು ಬೀಗ ಹಾಕುತ್ತಾರೆ? ಟೀಚರಮ್ಮನಿಗೆ ಫಾರಿನ್ ಕೆಲಸ ಬಂದಿತ್ತಂತೆ, ಮಕ್ಕಳ ಮುಖ ನೋಡಿ ಬಿಟ್ಟರಂತೆ ಎಂದು ಜಯರಾಮಯ್ಯನವರು ಒಬ್ಬರಿಗೆ ಹೇಳಿದರು, ಆ ಒಬ್ಬರು ಹತ್ತು ಜನಕ್ಕೆ ಹೇಳಿದರು. ಶಿಕ್ಷಕರ ದಿನಾಚರಣೆಗೆ ಊರಿನವರು ಸೇರಿ ಕೃಷ್ಣಗಿರಿಯಿಂದ ಶಾಲು ತರಿಸಿದರು. ಹೊದಿಸಲು ಮುಂದೆ ಬಂದವಳು ಮುನಿಲಕ್ಷ್ಮಿಯ ತಾಯಿ ಅಶ್ವತ್ಥಮ್ಮ. "ನಮ್ಮ ಮಕ್ಕಳ್ನ ಬಿಟ್ಟು ಹೋಗಲಿಲ್ಲ ತಾಯಿ ನೀನು," ಎಂದು ಆಕೆ ಕೈ ಮುಗಿದಾಗ, ಅಲ್ಲ ಎಂದು ಹೇಳಲು ಉಷಾರಾಣಿ ಬಾಯಿ ತೆರೆದಳು. ಏಳನೆಯ ತರಗತಿ ಮುಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟುತ್ತಿತ್ತು. ಅವರಲ್ಲಿ ಒಬ್ಬರೂ ಆ ಶನಿವಾರದ ಕಿಟಕಿಯ ಸಂಗತಿಯನ್ನು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ ಎಂದು ಆಕೆಗೆ ಆಗ ಗೊತ್ತಾಯಿತು. ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದಳು.

ಎಷ್ಟು ವಿನಯ ನೋಡಿ ಎಂದು ಊರಿನವರು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.